‘ಎಲ್ಲಿ ಭಾಳ ನೋವಾಗ್ತದ್ರಿ?’

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಯಾರ ಹೆಸರೂ ಇಲ್ಲ. ಊರು ಬೈಲಹೊಂಗಲದ ಆಸುಪಾಸು ಅಂದುಕೊಳ್ಳಿ, ಸಾಕು. ಗುರುತು ಸಿಗಬಹುದಾದ ಕೆಲವು ಸಂಗತಿ ಬದಲಿಸಿದ್ದೇನೆ. ಹುಡುಗ ಮತ್ತು ಅವನ ತಾಯಿ ಇಬ್ಬರೂ ಓದಿಸಿ ಕೇಳಿ ‘ಬರೀರಿ’ ಎಂದ ಮೇಲೆಯೇ ಬರೆಯುತ್ತಿದ್ದೇನೆ. ಇಡೀ ಪ್ರಕರಣ ಒಂದು ಹೆಸರಿನ ಸುತ್ತ ಇದೆ. ಅದನ್ನೂ ಹೇಳುವುದಿಲ್ಲ. ಆ ಹೆಸರಿನಲ್ಲಿ ಒಂದು ಒತ್ತಕ್ಷರ ಇದೆ, ಅಷ್ಟು ನೆನಪಿಟ್ಟುಕೊಳ್ಳಿ.

ಭಾರತ ಹುಣ್ಣಿಮೆ ಮುಗಿದು ಹತ್ತು ದಿನ ಆಗಿತ್ತು. ಬೆಳಗಾವಿಯ ನನ್ನ ಆಪ್ತಸಲಹೆಯ ಕೋಣೆಗೆ ತಾಯಿ ಮಗ ಬಂದರು. ತಾಯಿ ತಲೆ ಮೇಲೆ ಸೆರಗು ಹೊದ್ದಿದ್ದರು, ಕೈಯಲ್ಲಿ ಶೇಂಗಾ ಹೋಳಿಗೆಯ ಡಬ್ಬಿ. ಮಗ ಅವರಿಗಿಂತ ಒಂದಡಿ ಎತ್ತರ. ಕುರ್ಚಿಯ ತುದಿಯಲ್ಲಿ ಕೂತ. ಬಾಗಿಲು ಎಷ್ಟು ದೂರ ಇದೆ ಅಂತ ಒಮ್ಮೆ ನೋಡಿಕೊಂಡ.

‘ನೋಡ್ರಿ ಅಕ್ಕಾರ, ಇವಾ ಕುತಿಗಿಗೆ ಹಚ್ಚಿ ಹಾಕಿಸ್ಕೊಂತೀನಿ ಅಂತಾನ. ಮಿಲಿಟ್ರಿಗೆ ಹೋಗಾಂವ ಇವಾ. ಹೇಳಿದ್ದ ಕೇಳವಲ್ಲ. ನೀವರ ನಾಕು ಬುದ್ಧಿ ಮಾತು ಹೇಳ್ರಿ.’

ಆಪ್ತಸಲಹೆ ಅಂದರೆ ಬುದ್ಧಿ ಹೇಳಿ ಕಳಿಸುವುದು ಅಂತ ನಮ್ಮ ಕಡೆ ಬಹಳ ಜನ ತಿಳಿದಿದ್ದಾರೆ. ಗ್ಯಾರೇಜಿಗೆ ಗಾಡಿ ಬಿಟ್ಟ ಹಾಗೆ ಮಕ್ಕಳನ್ನು ಬಿಟ್ಟು, ಸಂಜೆಗೆ ರೆಡಿ ಆಗ್ತದೇನ್ರಿ ಅಂತ ಕೇಳುವವರೂ ಇದ್ದಾರೆ. ಈ ತಾಯಿ ಹಾಗಿರಲಿಲ್ಲ. ಆದರೆ ಅವರಿಗೂ ಬೇಕಿದ್ದದ್ದು ಒಂದೇ ಮಾತು: ಬೇಡ ಅಂತ ನಾನು ಹೇಳಬೇಕು.

ಹುಡುಗನಿಗೆ ಆಗ 17 ವರ್ಷ 7 ತಿಂಗಳು. ಪಿಯುಸಿ ಎರಡನೇ ವರ್ಷ. ಬೆಳಗಿನ ನಾಲ್ಕೂವರೆಗೆ ಎದ್ದು ಓಡುವ ಹುಡುಗ. ಬೆಳಗಾವಿ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಗರದಲ್ಲಿ ಮರಾಠಾ ಲೈಟ್ ಇನ್‌ಫೆಂಟ್ರಿಯ ರೆಜಿಮೆಂಟಲ್ ಸೆಂಟರ್ ಇದೆ, ಹಳ್ಳಿಗಳಲ್ಲಿ ಸೈನಿಕರ ಮನೆಗಳಿವೆ. ಹದಿನೇಳೂವರೆ ತುಂಬಿದರೆ ಅಗ್ನಿವೀರಕ್ಕೆ ಅರ್ಜಿ ಹಾಕಬಹುದು. ಊರಾಚೆ ರಸ್ತೆಯಲ್ಲಿ ಕತ್ತಲಲ್ಲೇ ಹುಡುಗರ ಹೆಜ್ಜೆ ಸಪ್ಪಳ ಕೇಳುತ್ತದೆ.

ಆರು ಜನ ಗೆಳೆಯರ ಗುಂಪು. ಹಿಂದಿನ ಶ್ರಾವಣದಲ್ಲಿ ಒಬ್ಬ ಮಲಪ್ರಭೆಗೆ ಈಜಲು ಇಳಿದವನು ಮೇಲೆ ಬರಲಿಲ್ಲ. ಉಳಿದ ಐವರಲ್ಲಿ ನಾಲ್ವರು ಈ ಸಲ ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡಕ್ಕೆ ಹೋದಾಗ, ಜಾತ್ರೆಯಲ್ಲಿ ಮಷೀನು ಇಟ್ಟುಕೊಂಡು ಕೂತವನ ಹತ್ತಿರ ಸತ್ತ ಗೆಳೆಯನ ಹೆಸರನ್ನು ಕುತ್ತಿಗೆಯ ಮೇಲೆ ಹಾಕಿಸಿಕೊಂಡು ಬಂದರು. ನಮ್ಮ ಹುಡುಗ ಪರೀಕ್ಷೆ ಅಂತ ಗುಡ್ಡಕ್ಕೆ ಹೋಗಿರಲಿಲ್ಲ. ವಾಟ್ಸಾಪ್ ಗುಂಪಿನ ಫೋಟೋ ಬದಲಾಯಿತು. ನಾಲ್ಕು ಕುತ್ತಿಗೆ ಸಾಲಾಗಿ. ಅದರ ಕೆಳಗೆ ಒಬ್ಬ ಬರೆದಿದ್ದ, ‘ಐದನೇದ್ದು ಎಲ್ಲೈತಿ?’

ಇಷ್ಟು ಕೇಳಿದಾಗ ನನಗೆ ಎಲ್ಲ ಗೊತ್ತಾಯಿತು ಅಂದುಕೊಂಡೆ. ಗೆಳೆಯರ ಒತ್ತಡ, ಒಂದಿಷ್ಟು ದುಃಖ, ಈ ವಯಸ್ಸು. ಇದಕ್ಕೊಂದು ಒಳ್ಳೆ ಔಷಧ ನನ್ನ ಫೋನಿನಲ್ಲೇ ಇತ್ತು. ಸೇನಾ ನೇಮಕಾತಿಯ ಅಧಿಸೂಚನೆ ತೆಗೆದು ಅವನ ಕೈಗೆ ಕೊಟ್ಟೆ. ನಿಯಮ ಸ್ಪಷ್ಟ ಇದೆ. ಶಾಶ್ವತ ಹಚ್ಚೆ ಇರಬಹುದಾದದ್ದು ಮುಂಗೈಯ ಒಳಬದಿಯಲ್ಲಿ, ಅಂದರೆ ಮೊಣಕೈ ಒಳಗಿನಿಂದ ಮಣಿಕಟ್ಟಿನವರೆಗೆ, ಮತ್ತೆ ಅಂಗೈಯ ಹಿಂಬದಿಯಲ್ಲಿ. ಬೇರೆಲ್ಲಿ ಇದ್ದರೂ ಆಯ್ಕೆ ಇಲ್ಲ. ಸಂಪ್ರದಾಯದಂತೆ ಹಚ್ಚೆ ಹಾಕಿಸಿಕೊಳ್ಳುವ ಬುಡಕಟ್ಟಿನವರಿಗೆ ಮಾತ್ರ ವಿನಾಯಿತಿ. ಬಿಎಸ್ಎಫ್, ಸಿಆರ್‌ಪಿಎಫ್‌ನಂಥ ಪಡೆಗಳಲ್ಲಿ ಇನ್ನೂ ಬಿಗಿ. ಮುಂಗೈ ಅಂದರೆ ಎಡಗೈ ಮಾತ್ರ, ಯಾಕಂದರೆ ಸಲ್ಯೂಟ್ ಹೊಡೆಯುವುದು ಬಲಗೈ. ಅದೂ ಆ ಭಾಗದ ಕಾಲು ಪಾಲಿಗಿಂತ ಚಿಕ್ಕದಿರಬೇಕು.

ಅವನು ನಿಧಾನಕ್ಕೆ ಓದಿದ. ಫೋನು ವಾಪಸ್ ಕೊಟ್ಟ.

‘ಹಂಗಾದ್ರ ಆರ್ಮಿನ ಬ್ಯಾಡ ಬಿಡ್ರಿ.’

ತಾಯಿ ಸೆರಗಿನಿಂದ ಮುಖ ಮುಚ್ಚಿಕೊಂಡರು. ನಾನು ಇನ್ನಷ್ಟು ಹೇಳಿದೆ. ಆಮೇಲೆ ತೆಗೆಸೋದು ಸುಲಭ ಅಲ್ಲ ಅಂದೆ. ಲೇಸರ್‌ಗೆ ವಾರಗಟ್ಟಲೆ ಅಂತರ ಬಿಟ್ಟು ಹಲವು ಸಲ ಹೋಗಬೇಕು. ಕಪ್ಪು ಶಾಯಿ ಸ್ವಲ್ಪ ಬೇಗ ಹೋಗುತ್ತದೆ, ಹಸಿರು ಹಳದಿ ಹೋಗಲು ಹಟ ಮಾಡುತ್ತವೆ. ನಮ್ಮಂಥ ಕಂದು ಚರ್ಮದಲ್ಲಿ ಆ ಜಾಗ ಬಿಳಿಚಿಕೊಂಡು ಉಳಿಯಬಹುದು. ಭರ್ತಿಗೆ ಎರಡು ವಾರ ಇರುವಾಗ ಚಮಚ ಕಾಯಿಸಿ ತೋಳಿನ ಹಚ್ಚೆ ಮೇಲೆ ಇಟ್ಟುಕೊಂಡ ಇನ್ನೊಬ್ಬ ಹುಡುಗನ ಕತೆಯನ್ನೂ ಹೇಳಿದೆ. ಎಲ್ಲವೂ ನಿಜ. ಎಲ್ಲವನ್ನೂ ಅವನು ತಲೆ ಆಡಿಸಿ ಕೇಳಿದ.

ಎದ್ದು ಹೋಗುವಾಗ ಬಾಗಿಲ ಹತ್ತಿರ ನಿಂತು ಅವನು ಆ ದಿನದ ಒಂದೇ ಪ್ರಶ್ನೆ ಕೇಳಿದ.

‘ಮೇಡಂ, ಎಲ್ಲಿ ಹಾಕಿಸ್ಕೊಂಡ್ರ ಭಾಳ ನೋವಾಗ್ತದ್ರಿ?’

ಹೆದರಿದ್ದಾನೆ, ಒಳ್ಳೇದೇ ಆಯಿತು ಅಂದುಕೊಂಡೆ. ‘ಎಲುಬು ಹತ್ತಿರ ಇರೋ ಕಡೆ, ಗಂಟಲ ಹತ್ತಿರ. ಅಲ್ಲಿ ಚರ್ಮ ತೆಳು’ ಅಂದೆ. ಅವನು ‘ಹೌದ್ರಿ?’ ಎಂದು ಹೋದ.

ರಾತ್ರಿ ಭಾಂಡೆ ತೊಳೆಯುವಾಗ ಹೊಳೆಯಿತು. ನೋವಿಗೆ ಹೆದರುವವರು ಹಾಗೆ ಕೇಳುವುದಿಲ್ಲ. ಎಲ್ಲಿ ಕಡಿಮೆ ನೋವು ಅಂತ ಕೇಳುತ್ತಾರೆ. ಇವನು ಕೇಳಿದ್ದು ಜಾಸ್ತಿ ಎಲ್ಲಿ ಅಂತ. ‘ಆರ್ಮಿನ ಬ್ಯಾಡ’ ಎಂದದ್ದೂ ಹಟದ ಮಾತಲ್ಲ. ವರ್ಷಗಟ್ಟಲೆ ಕತ್ತಲಲ್ಲಿ ಎದ್ದು ಓಡಿದ ಹುಡುಗ ಅದನ್ನು ಅಷ್ಟು ಸುಲಭಕ್ಕೆ ಕೊಟ್ಟುಬಿಡುತ್ತಾನಾ? ಅವನು ಏನನ್ನೋ ತೆರುತ್ತಿದ್ದ. ನಾನು ಅವನಿಗೆ ದಂಡದ ಮೊತ್ತ ಎಷ್ಟು ಅಂತ ಲೆಕ್ಕ ಮಾಡಿ ಕೊಟ್ಟಿದ್ದೆ.

ಮುಂದಿನ ವಾರ ಅವನು ಬರಲಿಲ್ಲ. ಪರೀಕ್ಷೆ ಅಂತ ತಾಯಿ ಹೇಳಿದರು. ಸಾಮಾನ್ಯವಾಗಿ ನಾನು ಬರದವರಿಗೆ ಬೆನ್ನು ಹತ್ತುವುದಿಲ್ಲ. ಈ ಸಲ ಹುಡುಗನಿಗೇ ಫೋನ್ ಮಾಡಿದೆ. ‘ಅವತ್ತು ನಾನೇ ಜಾಸ್ತಿ ಮಾತಾಡಿದೆ, ತಮ್ಮಾ. ಇನ್ನೊಮ್ಮೆ ಬಾ, ನೀ ಮಾತಾಡು’ ಅಂದೆ. ಪರೀಕ್ಷೆ ಮುಗಿದ ಮರುದಿನ ಒಬ್ಬನೇ ಬಸ್ ಹತ್ತಿ ಬಂದ.

ಆ ದಿನ ಹಚ್ಚೆಯ ಮಾತೇ ಎತ್ತಲಿಲ್ಲ. ನಿದ್ದೆ ಹೇಗೆ, ಊಟ ಹೇಗೆ, ಓಟ ಹೇಗೆ ಅಂತ ಕೇಳಿದೆ. ಶ್ರಾವಣದಿಂದ ಓಡೇ ಇಲ್ಲ ಎಂದ. ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ನಾಲ್ಕೂವರೆಗೆ ಏಳುತ್ತಾನೆ, ಶೂ ಹಾಕಿಕೊಂಡು ಹೋಗುತ್ತಾನೆ, ಊರಾಚೆ ಕಲ್ಲಿನ ಮೇಲೆ ಕೂತು ಬೆಳಕು ಹರಿದ ಮೇಲೆ ಬರುತ್ತಾನೆ. ಬರುವಾಗ ಮುಖಕ್ಕೆ ನೀರು ಚಿಮುಕಿಸಿಕೊಳ್ಳುತ್ತಾನೆ, ಬೆವರಿನ ಹಾಗೆ ಕಾಣಲಿ ಅಂತ.

ಸಾಯಬೇಕು ಅನಿಸ್ತದಾ ಅಂತ ನೇರ ಕೇಳಿದೆ. ಕೇಳಿದರೆ ಆ ಯೋಚನೆ ತಲೆಗೆ ಬಂದುಬಿಡುತ್ತದೆ ಅಂತ ಹೆದರುವವರಿದ್ದಾರೆ. ಹಾಗೇನಿಲ್ಲ. ಕೇಳಿದರೆ ಹೇಳಲು ಒಂದು ದಾರಿ ಸಿಗುತ್ತದೆ, ಅಷ್ಟೇ. ‘ಅವನ ಬದಲಿ ನಾ ಹೋಗಬೇಕಿತ್ತು ಅನಸ್ತದ್ರಿ. ಮಾಡ್ಕೊಳ್ಳೂದು ಏನೂ ಇಲ್ರಿ’ ಎಂದ. ಅವನ ಒಪ್ಪಿಗೆ ಕೇಳಿ ತಾಯಿಗೂ ತಿಳಿಸಿದೆ. ಒಬ್ಬ ಮನೋವೈದ್ಯರನ್ನು ಒಮ್ಮೆ ಕಾಣುವಂತೆ ಮಾಡಿದೆ. ಇಬ್ಬರ ಫೋನಿನಲ್ಲೂ 14416 ಸೇವ್ ಮಾಡಿಸಿದೆ. ಅದು ಟೆಲಿ ಮಾನಸ್, 2022ರಲ್ಲಿ ಶುರುವಾದ ಸರ್ಕಾರಿ ಸಹಾಯವಾಣಿ. ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಮೂರನೇ ಸಲ ಬಂದಾಗ ಒಂದು ಕಾಗದ ಕೊಟ್ಟು ಹೇಳಿದೆ. ‘ನಿನ್ನ ಹಚ್ಚೆ ಎಲ್ಲಿ ಬೇಕೋ ಅಲ್ಲಿ ಗುರುತು ಹಾಕು.’ ಒಂದು ಮನುಷ್ಯನ ಆಕಾರ ಬರೆದಿದ್ದೆ. ಅವನ ಗೆಳೆಯರದ್ದು ಕಿವಿಯ ಕೆಳಗೆ, ಕುತ್ತಿಗೆಯ ಪಕ್ಕದಲ್ಲಿ. ಇವನು ಗುರುತು ಹಾಕಿದ್ದು ಮುಂದೆ, ಗಂಟಲಿನ ನಡುವೆ.

‘ಇಲ್ಯಾಕ?’

ಬಹಳ ಹೊತ್ತು ಸುಮ್ಮನಿದ್ದ. ಹೊರಗೆ ರಸ್ತೆಯಲ್ಲಿ ಒಂದು ಟ್ರ್ಯಾಕ್ಟರ್ ಹೋಯಿತು. ಅದರ ಹಾಡು ಪೂರ್ತಿ ಮರೆಯಾಗುವವರೆಗೂ ಕಾಯುತ್ತಿದ್ದನೋ ಏನೋ.

‘ಆ ಮಾತು ಇಲ್ಲಿಂದ ಬಂತಲ್ರಿ.’

ಆ ದಿನ ಬೆಳಿಗ್ಗೆ ಗೆಳೆಯ ಓಡಲು ಬಂದಿರಲಿಲ್ಲ. ಇವನು ಅವನ ಮನೆ ಮುಂದೆ ನಿಂತು ಕೂಗಿದ. ಅವನು ಹಾಸಿಗೆಯಿಂದಲೇ ‘ಇವತ್ತ ಆಗೂದಿಲ್ಲ, ಮಧ್ಯಾಹ್ನ ಈಜಾಕ ಹೋಗೂಣು’ ಅಂದ. ಇವನಿಗೆ ಸಿಟ್ಟು ಬಂತು. ಭರ್ತಿಯ ಓಟ 1.6 ಕಿಲೋಮೀಟರ್. ಇಬ್ಬರೂ ಸೇರಿ ಸೆಕೆಂಡು ಸೆಕೆಂಡು ಇಳಿಸುತ್ತಿದ್ದರು. ‘ಹೋಗಿ ಹೊಳ್ಯಾಗ ಬೀಳ್ಹೋಗು’ ಅಂದು ಒಬ್ಬನೇ ಓಡಲು ಹೋದ. ಮಧ್ಯಾಹ್ನ ಉಳಿದವರು ಈಜಲು ಹೋದರು. ಇವನು ಮುನಿಸಿಕೊಂಡು ಹೋಗಲಿಲ್ಲ.

ನಮ್ಮ ಕಡೆ ಈ ಬೈಗುಳ ಯಾರು ಯಾರಿಗೆ ಅಂದಿಲ್ಲ ಹೇಳಿ. ನಾನು ನನ್ನ ತಮ್ಮನಿಗೆ ಅಂದಿದ್ದೇನೆ. ಅವನು ಈಗ ಹುಬ್ಬಳ್ಳಿಯಲ್ಲಿ ಆರಾಮ ಇದ್ದಾನೆ. ಆ ಹುಡುಗ ಶ್ರಾವಣದಿಂದ ಆ ಮೂರು ಶಬ್ದ ಹೊತ್ತುಕೊಂಡು ಕಲ್ಲಿನ ಮೇಲೆ ಕೂರುತ್ತಿದ್ದ. ಅದನ್ನು ಯಾರಿಗೂ ಹೇಳದೆ ತೀರಿಸಲು ಅವನಿಗೆ ಸಿಕ್ಕ ದಾರಿ ಇದು: ಮಾತು ಬಂದ ಜಾಗದಲ್ಲೇ ಸೂಜಿ ಚುಚ್ಚಿಸಿಕೊಳ್ಳುವುದು, ನೋವಾಗುವಷ್ಟು, ಕನಸು ಹಾಳಾಗುವಷ್ಟು.

ಅವತ್ತು ನಾನು ಯಾವ ಸಲಹೆಯನ್ನೂ ಕೊಡಲಿಲ್ಲ. ನೀರು ಕೊಟ್ಟೆ.

ಹಚ್ಚೆಯ ಮಾತು ಮತ್ತೆ ಬಂದದ್ದು ನಾಲ್ಕನೇ ಸಲ. ಅವನೇ ಎತ್ತಿದ. ತಯಾರಾಗಿ ಬಂದಿದ್ದ. ‘ನಮ್ಮ ಆಯಿ ಕೈ ತುಂಬ ಐತಿ ಹಚ್ಚಿ. ಅವ್ವನ ಗದ್ದದ ಮ್ಯಾಲೂ ಒಂದು ಬೊಟ್ಟೈತಿ. ನಂಗ್ಯಾಕ ಬ್ಯಾಡಂತಾರ?’

ನ್ಯಾಯವಾದ ಪ್ರಶ್ನೆ. ಆಯಿಯನ್ನೂ ಒಮ್ಮೆ ಕರಕೊಂಡು ಬಾ ಅಂದೆ. ಬಂದರು. ಎರಡೂ ಕೈ ಚಾಚಿ ಮೇಜಿನ ಮೇಲೆ ಇಟ್ಟರು. ಹಸಿರು ಗೆರೆಗಳು ಹರಡಿ ಮಸುಕಾಗಿದ್ದವು. ಚುಕ್ಕಿ ಯಾವುದು ನರ ಯಾವುದು ಗೊತ್ತಾಗುತ್ತಿರಲಿಲ್ಲ. ‘ನಾ ಎಂಟು ವರ್ಷದಾಕಿ ಇದ್ದೆ. ನಮ್ಮವ್ವ ನನ್ನ ತೊಡಿ ಮ್ಯಾಲ ಕುಂತಿದ್ಲು, ಓಡಿ ಹೋಗಬಾರ್ದಂತ. ಹಚ್ಚಿ ಹಾಕಾಕಿ ಹಾಡ ಹೇಳ್ಕೋತ ಹಾಕಿದ್ಲು’ ಎಂದರು. ಯಾಕೆ ಹಾಕಿಸಿದರು ಅಂತ ಕೇಳಿದೆ. ‘ಸತ್ತಾಗ ಮೈಮ್ಯಾಲಿನ ಬಂಗಾರ ಬಿಚ್ಚಿ ಇಟ್ಕೊಂತಾರ. ಇದೊಂದ ಜೋಡಿ ಬರೂದು.’

ಈ ಮಾತು ನಮ್ಮ ಹಳ್ಳಿಗಳಲ್ಲಿ ಎಲ್ಲ ಮುದುಕಿಯರೂ ಹೇಳುತ್ತಾರೆ. ಆದರೆ ಹುಡುಗನಿಗೆ ನಾನು ತೋರಿಸಬೇಕೆಂದಿದ್ದದ್ದು ಬೇರೆ. ಆಯಿಯನ್ನು ಯಾರೂ ಕೇಳಲಿಲ್ಲ. ಊರ ಹೆಂಗಸರಿಗೆಲ್ಲ ಅದೇ ಚುಕ್ಕಿ, ಅದೇ ಗೆರೆ. ಹಾಗಾಗಿ ಅದು ಏನು, ಯಾಕೆ ಅಂತ ಅವರು ಬದುಕಿನಲ್ಲಿ ಯಾರಿಗೂ ವಿವರಿಸಬೇಕಾಗಲಿಲ್ಲ. ನೌಕರಿಯ ಸಂದರ್ಶನ ಇರಲಿಲ್ಲ. ನಿನ್ನದು ಹಾಗಲ್ಲ. ನೀನೇ ಆರಿಸಿದ್ದು, ನೀನೇ ಉತ್ತರ ಹೇಳಬೇಕಾದ್ದು.

ಅದಕ್ಕೊಂದು ಕೆಲಸ ಕೊಟ್ಟೆ. ಹದಿನೈದು ದಿನ, ದಿನಾ ಬೆಳಿಗ್ಗೆ ಗಂಟಲ ಮೇಲೆ ಸ್ಕೆಚ್ ಪೆನ್ನಿನಿಂದ ಆ ಹೆಸರು ಬರೆದುಕೋ. ಅಂಗಡಿಗೆ ಹೋಗು, ಬಸ್ಸಿನಲ್ಲಿ ಕೂರು, ಮದುವೆ ಇದ್ದರೆ ಮದುವೆಗೂ ಹೋಗು. ಎಷ್ಟು ಜನ ಕೇಳಿದರು, ಏನು ಹೇಳಿದೆ, ಬರೆದಿಡು.

ನಾಲ್ಕೇ ದಿನಕ್ಕೆ ನಿಲ್ಲಿಸಿದ. ನಾಲ್ಕು ದಿನದಲ್ಲಿ ಹದಿಮೂರು ಸಲ ‘ಯಾರ ಹೆಸರದು?’ ಕೇಳಿಸಿಕೊಂಡಿದ್ದ. ಕಿರಾಣಿ ಅಂಗಡಿಯವರು, ಕಂಡಕ್ಟರ್, ದೂರದ ಮಾವ. ಪ್ರತಿ ಸಲ ಗೆಳೆಯ ಸತ್ತದ್ದನ್ನು ಹೇಳಬೇಕು. ಮಾವನಂತೂ ಹುಡುಗಿಯ ಹೆಸರು ಅಂತ ತಿಳಿದು ಕಣ್ಣು ಹೊಡೆದರಂತೆ. ಹಾಕಿಸಿಕೊಳ್ಳಬೇಕೋ ಬೇಡವೋ ಎನ್ನುವ ಎಳೆಯರಿಗೆಲ್ಲ ಈಗ ನಾನು ಇದನ್ನೇ ಮೊದಲು ಹೇಳುತ್ತೇನೆ. ಕನ್ನಡಿಯಲ್ಲಿ ಹೇಗೆ ಕಾಣುತ್ತದೆ ಅಂತ ಎಲ್ಲರೂ ಯೋಚಿಸುತ್ತಾರೆ, ಬಸ್ ಸ್ಟ್ಯಾಂಡಿನಲ್ಲಿ ಏನು ಹೇಳಬೇಕಾಗುತ್ತದೆ ಅಂತ ಯಾರೂ ಯೋಚಿಸುವುದಿಲ್ಲ.

ಇಷ್ಟರಲ್ಲಿ ನಾಲ್ವರು ಗೆಳೆಯರಲ್ಲಿ ಒಬ್ಬನ ಕುತ್ತಿಗೆ ಕೀವು ತುಂಬಿ ಬಾತಿತ್ತು. ಫೋಟೋ ತೋರಿಸಿದ. ಅಕ್ಷರಗಳು ಉಬ್ಬಿ ಕೆಂಪಾಗಿ, ಒಂದಕ್ಕೊಂದು ಅಂಟಿದ ಹಾಗಿದ್ದವು. ಜಾತ್ರೆಯವನು ನಾಲ್ವರಿಗೂ ಒಂದೇ ಸೂಜಿ ಬಳಸಿದ್ದ. ಒಬ್ಬರಿಂದ ಇನ್ನೊಬ್ಬರಿಗೆ ಹೋಗುವಾಗ ಬಟ್ಟೆಯಲ್ಲಿ ಒರೆಸುತ್ತಿದ್ದನಂತೆ, ಒಂದೇ ಮುಚ್ಚಳದ ಶಾಯಿಯಲ್ಲಿ ಅದ್ದುತ್ತಿದ್ದನಂತೆ. ಅವರಿಗಿಂತ ಮೊದಲು ಎಷ್ಟು ಜನ ಕೂತಿದ್ದರೋ. ಕೀವು ಮಾತ್ರೆಗೆ ಹೋಗುತ್ತದೆ. ನನಗೆ ಚಿಂತೆ ಆದದ್ದು ಕಾಣದ ರೋಗಗಳದ್ದು. ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಎಚ್‌ಐವಿ ಮೂರೂ ಹೀಗೆ ರಕ್ತ ಅಂಟಿದ ಸೂಜಿಯಿಂದ ಬರಬಹುದು. ಬಿಗೆ ಲಸಿಕೆ ಇದೆ, ಉಳಿದ ಎರಡಕ್ಕೆ ಇಲ್ಲ. ಮನೆಯ ದೊಡ್ಡವರ ಜೊತೆ ತಾಲೂಕು ಆಸ್ಪತ್ರೆಗೆ ಹೋಗಿ, ಐಸಿಟಿಸಿ, ಅಂದರೆ ಆಪ್ತಸಲಹೆ ಮತ್ತು ಪರೀಕ್ಷಾ ಕೇಂದ್ರದಲ್ಲಿ ಎಚ್‌ಐವಿ ಪರೀಕ್ಷೆ ಪುಕ್ಕಟೆ, ಗುಟ್ಟಾಗಿ ಇಡುತ್ತಾರೆ ಅಂತ ಹೇಳಿ ಕಳಿಸಿದೆ. ಸೋಂಕು ತಗುಲಿದ ಕೂಡಲೇ ಪರೀಕ್ಷೆಯಲ್ಲಿ ಕಾಣುವುದಿಲ್ಲ, ಮೂರು ತಿಂಗಳ ಮೇಲೆ ಇನ್ನೊಮ್ಮೆ ಮಾಡಿಸಬೇಕು ಅಂತಲೂ ಹೇಳಿದೆ. ಒಂದು ವರ್ಷ ರಕ್ತದಾನ ಮಾಡುವಂತಿಲ್ಲ ಎಂಬುದನ್ನೂ ಸೇರಿಸಿದೆ. ನಾಲ್ವರೂ ಹೋದರು, ಎರಡೂ ಸಲ. ಏನೂ ಇರಲಿಲ್ಲ. ಆದರೆ ಅವರಲ್ಲಿ ಇಬ್ಬರು ಭರ್ತಿಗೆ ತಯಾರಿ ಮಾಡುತ್ತಿದ್ದವರು. ಕುತ್ತಿಗೆಯ ನಿಯಮ ಅವರಿಗೆ ಗೊತ್ತಾದದ್ದು ಇವನಿಂದಲೇ, ಹಾಕಿಸಿಕೊಂಡ ಮೇಲೆ. ಆ ಬಗ್ಗೆ ನನ್ನ ಹತ್ತಿರ ಹೇಳಲು ಏನೂ ಇಲ್ಲ.

ಹಚ್ಚೆ ಯಾಕೆ ಅಳಿಯುವುದಿಲ್ಲ ಅಂತ ಹುಡುಗ ಕೇಳಿದ. ವಿಜ್ಞಾನ ಓದಿದವನು. ಸೂಜಿ ಮೇಲಿನ ಚರ್ಮ ದಾಟಿ ಒಂದೆರಡು ಮಿಲಿಮೀಟರ್ ಒಳಗಿನ ಪದರಕ್ಕೆ ಶಾಯಿ ಬಿಡುತ್ತದೆ. ಮೇಲಿನ ಪದರ ಕೆಲವು ವಾರಗಳಲ್ಲಿ ಉದುರಿ ಹೊಸದಾಗುತ್ತದೆ, ಒಳಗಿನದು ಹಾಗಲ್ಲ. ಅಲ್ಲಿ ಕಸ ನುಂಗುವ ರಕ್ಷಣಾ ಜೀವಕೋಶಗಳು ಶಾಯಿಯನ್ನು ನುಂಗುತ್ತವೆ, ಕರಗಿಸಲಾಗದೆ ಹಾಗೇ ಕೂರುತ್ತವೆ. ಒಂದು ಸತ್ತರೆ ಪಕ್ಕದ್ದು ಅದೇ ಶಾಯಿಯನ್ನು ನುಂಗುತ್ತದೆ. ‘ಅಂದ್ರ ನಾ ಹೊರಗ ಹಾಕಾಕ ನೋಡಿದಷ್ಟೂ ಒಳಗ ಉಳೀತದ’ ಎಂದ. ನಾನು ಹೌದು ಎಂದೆ. ಇಬ್ಬರೂ ಬೇರೆ ಏನೋ ಯೋಚಿಸುತ್ತಿದ್ದೆವು ಅನಿಸುತ್ತದೆ.

ಕೊನೆಗೆ ನಾನು ಕೊಟ್ಟ ಸಲಹೆ ದೊಡ್ಡದೇನಲ್ಲ. ಬೇಡ ಅನ್ನಲಿಲ್ಲ. ತಾಯಿಗೆ ಅದು ಅಷ್ಟು ಸರಿ ಬರಲಿಲ್ಲ. ಅವರಿಗೆ ಹೇಳಿದೆ, ‘ಜುಲೈಗೆ ಅವನಿಗೆ ಹದಿನೆಂಟು ತುಂಬ್ತದ. ಆಮೇಲೆ ನೀವು ಬೇಡ ಅಂದ್ರೂ ಅವನು ಹೋಗಬಹುದು. ಈಗ ನಮ್ಮ ಕೈಯಲ್ಲಿರೋದು ಅವನಿಗೆ ಟೈಮ್ ಕೊಡೋದು ಮಾತ್ರ.’ ಒಂದು ದಿನ ಗೊತ್ತು ಮಾಡಿದೆವು. ಗೆಳೆಯನ ವರ್ಷದ ತಿಥಿ, ಶ್ರಾವಣದಲ್ಲಿ. ಅಲ್ಲಿಯವರೆಗೆ ಸೂಜಿ ಇಲ್ಲ. ಅದಾದ ಮೇಲೂ ಬೇಕು ಅನಿಸಿದರೆ ಗಂಟಲಲ್ಲ, ಎಡ ಮುಂಗೈಯ ಒಳಬದಿ, ಬೆರಳಷ್ಟು ಉದ್ದ. ಹಾಕಿಸುವ ಮೊದಲು ಆ ವರ್ಷದ ಅಧಿಸೂಚನೆಯನ್ನು ಇನ್ನೊಮ್ಮೆ ಓದಬೇಕು. ಪೊಲೀಸ್ ಇರಲಿ, ಪಡೆ ಇರಲಿ, ಒಂದೊಂದರ ನಿಯಮ ಒಂದೊಂದು ಥರ. ಕಣ್ಣೆದುರು ಹೊಸ ಸೂಜಿಯ ಪೊಟ್ಟಣ ಒಡೆಯದ ಕಡೆ ಕೂರಬಾರದು. ವಯಸ್ಸು ಕೇಳದ ಅಂಗಡಿಯಿಂದ ಎದ್ದು ಬರಬೇಕು, ವಯಸ್ಸನ್ನೇ ಕೇಳದವನು ಹೊಸ ಸೂಜಿ ತೆಗೆಯುತ್ತಾನಾ? ಹಾಕಿಸಿದ ಮೇಲೆ ಎರಡು ಮೂರು ವಾರ ಕೆರೆ, ಹೊಳೆಗೆ ಇಳಿಯಬಾರದು. ಇದನ್ನು ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅವನು ‘ನಾ ಹೊಳಿ ಕಡೆ ಹೋಗೂದ ಬಿಟ್ಟೀನ್ರಿ’ ಎಂದ.

ಇನ್ನೊಂದು ಮಾತು ಹೇಳಿದ್ದೆ, ಅದು ತಪ್ಪಾಯಿತು. ಅದನ್ನು ಆಮೇಲೆ ಹೇಳುತ್ತೇನೆ.

ನಡುವೆ ತಂಗಿಯ ಗಲಾಟೆ ಎದ್ದಿತು. ಹದಿನೈದು ವರ್ಷ, ಬಾಯಿ ಜೋರು. ‘ಅಣ್ಣಗ ದಿನಾ ಮಾತುಕತಿ, ನಾ ಕೇಳಿದ್ರ ಒಂದ ಮಾತಿಗೆ ಇಲ್ಲ ಅಂತಾರ’ ಅಂತ ತಾನೇ ತಾಯಿ ಜೊತೆ ಬಂದು ಕೂತಳು. ಅವಳಿಗೆ ಕಿವಿಯ ಮೇಲ್ತುದಿಯಲ್ಲಿ ಮೂರು ತೂತು, ಹೊಕ್ಕುಳಲ್ಲಿ ಒಂದು ರಿಂಗ್ ಬೇಕು. ಹೊಕ್ಕುಳು ಅಂದ ಕೂಡಲೇ ತಾಯಿ ‘ಶಿವನ’ ಎಂದು ಕಿವಿ ಮುಚ್ಚಿಕೊಂಡರು. ಮಜಾ ಅಂದರೆ ಕಿವಿಯ ಮೇಲ್ತುದಿಗೆ ಆಯಿಯ ಬೆಂಬಲ ಇತ್ತು. ಅವರ ಕಿವಿಯಲ್ಲೂ ಬುಗುಡಿ ಹಾಕುತ್ತಿದ್ದ ತೂತು ಇದೆ, ಬುಗುಡಿ ಯಾವ ಮಗಳ ಮದುವೆಗೋ ಕರಗಿ ಹೋಗಿದೆ.

ಚುಚ್ಚಿಸುವುದೂ ಹಚ್ಚೆಯೂ ಒಂದೇ ತೂಕದ್ದಲ್ಲ. ಬೇಡವಾದರೆ ತೆಗೆದುಬಿಡಬಹುದು, ಒಂದು ಸಣ್ಣ ಗುರುತು ಉಳಿದೀತು. ಆದರೆ ಜಾಗ ಜಾಗಕ್ಕೆ ವ್ಯತ್ಯಾಸ ಇದೆ. ಕಿವಿಯ ಹಾಲೆ ಮೆತ್ತಗಿನ ಮಾಂಸ, ಆರೆಂಟು ವಾರದಲ್ಲಿ ಮಾಯುತ್ತದೆ. ಮೇಲ್ತುದಿ ಮೃದು ಎಲುಬು. ಅದಕ್ಕೆ ರಕ್ತ ಸರಿಯಾಗಿ ಹರಿಯುವುದಿಲ್ಲ, ಮಾಯಲು ಆರು ತಿಂಗಳಿಂದ ವರ್ಷ ಬೇಕು. ಅಲ್ಲಿ ಕೀವಾದರೆ ಕಿವಿಯ ಆಕಾರವೇ ಮುದುಡಬಹುದು. ಗನ್ನಿನಿಂದ ಅಲ್ಲಿ ಹೊಡೆಸಲೇಬಾರದು, ಮೃದು ಎಲುಬು ಜಜ್ಜಿ ಹೋಗುತ್ತದೆ. ಹೊಕ್ಕುಳಿಗೂ ಅಷ್ಟೇ ತಿಂಗಳು ಬೇಕು, ಬಟ್ಟೆ ತಿಕ್ಕುತ್ತಲೇ ಇರುತ್ತದೆ. ಇದನ್ನೆಲ್ಲ ಹೇಳುತ್ತಾ ತಾಯಿಯ ಕಿವಿಯ ಹಿಂದೆ ನೋಡಿದೆ. ತೂತಿನ ಹಿಂದೆ ಹುಣಸೆ ಬೀಜದಷ್ಟು ಗಂಟು. ‘ಇದು ಯಾವಾಗಿಂದ?’ ಕೇಳಿದೆ. ಕಿವಿ ಚುಚ್ಚಿಸಿದಾಗಿನಿಂದ ಅಂದರು. ಅದು ಕೀಲಾಯ್ಡ್. ಗಾಯ ಮಾದ ಮೇಲೂ ಚರ್ಮ ಬೆಳೆಯುತ್ತಲೇ ಹೋಗುವುದು. ಮನೆತನದಲ್ಲಿ ಬರುವಂಥದ್ದು. ಹುಡುಗಿ ಅದನ್ನು ಮುಟ್ಟಿ ಮುಟ್ಟಿ ನೋಡಿದಳು. ಮೊದಲು ಚರ್ಮದ ಡಾಕ್ಟರಿಗೆ ತೋರಿಸು, ಆಮೇಲೆ ಬೇಕಾದರೆ ಹಾಲೆಯಲ್ಲಿ ಇನ್ನೊಂದು ಅಂದೆ. ಡಾಕ್ಟರ್ ಬೇಡ ಅಂದರು. ಈಗ ಒತ್ತಿ ಹಾಕುವ ರಿಂಗು ಹಾಕಿಕೊಂಡು ಓಡಾಡುತ್ತಾಳೆ. ಹೊಕ್ಕುಳಿನ ಸುದ್ದಿ ಮತ್ತೆ ಬಂದಿಲ್ಲ, ಬರುವುದಿಲ್ಲ ಅಂತ ಹೇಳಲಾರೆ.

ಈಗ ಆ ತಪ್ಪಿನ ಮಾತು. ಗೆಳೆಯನ ತಾಯಿಗೆ ಎಲ್ಲ ಹೇಳಿಬಿಡಲಾ ಅಂತ ಹುಡುಗ ಕೇಳಿದ್ದ. ನಾನು ಬೇಡ ಅಂದಿದ್ದೆ. ಮಗನನ್ನು ಕಳಕೊಂಡವರ ಎದೆಯ ಮೇಲೆ ನಮ್ಮ ಭಾರ ಇಡಬಾರದು, ನಿನ್ನ ಮನಸ್ಸು ಹಗುರಾಗಲಿ ಅಂತ ಅವರ ಮನಸ್ಸು ಕೆದಕಬೇಡ ಅಂದಿದ್ದೆ. ಪುಸ್ತಕ ಓದಿದವರ ಮಾತು, ಕೇಳಲು ಚೆನ್ನಾಗಿತ್ತು. ಅವನು ನನ್ನ ಮಾತು ಕೇಳಲಿಲ್ಲ. ಮೇ ತಿಂಗಳಲ್ಲಿ ಒಂದು ಸಂಜೆ ತನ್ನ ತಾಯಿಯನ್ನು ಕರಕೊಂಡು ಅವರ ಮನೆಗೆ ಹೋದ.

ಅಲ್ಲಿ ನಡೆದದ್ದನ್ನು ನನಗೆ ಹೇಳಿದ್ದು ಹುಡುಗನ ತಾಯಿ. ಅವನು ಅಳುತ್ತಾ ಆ ಮಾತು ಹೇಳಿದನಂತೆ. ಆ ತಾಯಿ ಸೊಪ್ಪು ಸೋಸುತ್ತಿದ್ದವರು ಕೈ ನಿಲ್ಲಿಸಲಿಲ್ಲ. ‘ಅದನ್ನ ನಾ ಅವಂಗ ದಿನಾ ಅಂತಿದ್ನೆಪ್ಪಾ. ಮುಂಜಾನಿದ್ದ ಅಂದಿದ್ನಿ, ಹಾಸಿಗಿ ಬಿಟ್ಟು ಏಳವಲ್ಲ ಅಂತ. ನೀ ಒಮ್ಮೆ ಅಂದಿ’ ಎಂದರು. ಆಮೇಲೆ ಹಚ್ಚೆಯ ವಿಷಯ ಬಂತು. ಅದನ್ನು ಕೇಳಿ ಅವರು ನಕ್ಕುಬಿಟ್ಟರಂತೆ, ಕಣ್ಣಲ್ಲಿ ನೀರು ಇದ್ದ ಹಾಗೇ. ‘ಅವಂಗ ಸೂಜಿ ಅಂದ್ರ ಹೆದರಿಕಿ. ಸಾಲ್ಯಾಗ ಇಂಜೆಕ್ಷನ್ ಮಾಡಾಕ ಬಂದ್ರ ಕಂಪೌಂಡ್ ಜಿಗಿ ಜಿಗಿದು ಮನಿಗೆ ಓಡಿ ಬರತಿದ್ದ. ಅವನ ಹೆಸರಾಗ ನೀವೆಲ್ಲಾ ಸೂಜಿ ಚುಚ್ಚಿಸ್ಕೋತೀರಿ?’

ಅಲ್ಲೇ ಕೂತಿದ್ದ ಸತ್ತ ಹುಡುಗನ ತಮ್ಮ, ಐದನೇ ಕ್ಲಾಸಿನವನು, ಇನ್ನೊಂದು ಹೇಳಿದ. ಆ ನಾಲ್ವರ ಕುತ್ತಿಗೆಯ ಮೇಲೆ ಅಣ್ಣನ ಹೆಸರೇ ಇಲ್ಲ ಅಂತ. ಮೊದಲನೆಯವನಿಗೆ ಹಾಕುವಾಗ ಜಾತ್ರೆಯವನು ಒತ್ತಕ್ಷರ ಬಿಟ್ಟಿದ್ದ. ಉಳಿದ ಮೂವರಿಗೆ ಅದನ್ನೇ ನೋಡಿ ಹಾಕಿದ್ದ. ನಾಲ್ಕು ಕುತ್ತಿಗೆಯಲ್ಲೂ ಒಂದೇ ತಪ್ಪು. ಇಷ್ಟು ದಿನ ದೊಡ್ಡವರು ಯಾರೂ ಓದಿರಲಿಲ್ಲ, ಓದಿದವರು ಹೇಳಿರಲಿಲ್ಲ. ನಾನು ಆ ಫೋಟೋ ಎರಡು ಸಲ ನೋಡಿದ್ದೆ, ನನಗೂ ಕಂಡಿರಲಿಲ್ಲ.

ಜೂನ್‌ನಿಂದ ಅವನು ಮತ್ತೆ ಓಡುತ್ತಿದ್ದಾನೆ. ನಿಜವಾಗಿ ಓಡುತ್ತಾನೆ, ತಂಗಿ ಸೈಕಲ್ ಮೇಲೆ ಹಿಂದೆ ಹೋಗಿ ಮೊಬೈಲಿನಲ್ಲಿ ಟೈಮ್ ನೋಡುತ್ತಾಳೆ. ಕಲ್ಲಿನ ಮೇಲೆ ಕೂರುವ ದಿನಗಳು ಇನ್ನೂ ಇವೆ, ಕಡಿಮೆ. ಆರು ವಾರಕ್ಕೊಮ್ಮೆ ನನ್ನ ಹತ್ತಿರ ಬರುತ್ತಾನೆ.

ಶ್ರಾವಣ ಕಳೆಯಿತು. ತಿಥಿ ಆದ ಮೂರನೇ ದಿನ ಫೋನ್ ಮಾಡಿದ. ನಾನು ಮನಸ್ಸಿನಲ್ಲಿ ತಯಾರಾದೆ, ಅಂಗಡಿಯ ವಿಳಾಸ ಕೇಳುತ್ತಾನೆ ಅಂತ. ಅವನು ಕೇಳಿದ್ದು ಬೇರೆ. ಆ ಒತ್ತಕ್ಷರ ಯಾವ ಅಕ್ಷರದ ಕೆಳಗೆ ಬರುತ್ತದೆ, ಸರಿಯಾಗಿ ಬರೆದು ಕಳಿಸ್ರಿ ಎಂದ. ದೊಡ್ಡ ಅಕ್ಷರದಲ್ಲಿ ಬರೆದು, ಎರಡು ಸಲ ನೋಡಿ, ಫೋಟೋ ಕಳಿಸಿದೆ.

ಮುಂದಿನ ಸಲ ಬಂದಾಗ ಎಡಗೈ ನೋಡಿದೆ. ಏನೂ ಇರಲಿಲ್ಲ. ಪಾಕೀಟು ತೆಗೆದು ತೋರಿಸಿದ. ಅವನೇ ಅದನ್ನು ನೋಡಿ ನೋಡಿ ಚೀಟಿಯಲ್ಲಿ ಬರೆದಿದ್ದ, ಒತ್ತಕ್ಷರ ಉಳಿದ ಅಕ್ಷರಗಳಿಗಿಂತ ಸ್ವಲ್ಪ ದಪ್ಪಗಿತ್ತು. ‘ಹಾಕಿಸ್ಕೊಂತಿಯೇನು?’ ಅಂದೆ.

‘ಇನ್ನಾ ನೋಡಾಕತ್ತೀನ್ರಿ’ ಎಂದು ಮಡಿಚಿ ಒಳಗಿಟ್ಟ.